ಮೂಲೆಯ ಹೆಗಲು

ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅವ್ವ ಬೈಯುತ್ತಿದ್ದಳು. ಅವಳು ದಣಿದ ಮೇಲೆ ಆ ಕೆಲಸವನ್ನು ಗಂಡ ವಹಿಸಿಕೊಂಡಿದ್ದಾನೆ. ಶಿಗ್ಗಾಂವಿಯ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಸಣ್ಣ ಅಂಗಡಿ. ಕೆಟ್ಟ ಕಂಪ್ಯೂಟರುಗಳ ಮದರ್‌ಬೋರ್ಡು ರಿಪೇರಿ ನನ್ನ ಕಸುಬು. ಅಂಗಡಿಯಲ್ಲಿ ಕೂತು ಗಿರಾಕಿಯ ದಾರಿ ಕಾಯುವುದೆಂದರೆ ನನಗೆ ಮುಳ್ಳಿನ ಮೇಲೆ ಕೂತ ಹಾಗೆ. ಅದಕ್ಕೇ ಸೋಲ್ಡರಿಂಗ್ ಗನ್ನು, ಮೀಟರು, ಬಿಸಿಗಾಳಿಯ ಬ್ಲೋವರು ಎಲ್ಲವನ್ನೂ ಚೀಲಕ್ಕೆ ತುಂಬಿ, ಗುರುವಾರ ಸವಣೂರು, ಶನಿವಾರ ಹಿರೇಕೆರೂರು, ಸೋಮವಾರ ಹಾನಗಲ್ ಎಂದು ಕೆಂಪು ಬಸ್ಸಿನಲ್ಲಿ ತಿರುಗುತ್ತೇನೆ. ಬಸ್ಸು ಓಡುತ್ತಿರುವಷ್ಟು ಹೊತ್ತು ಸಮಾಧಾನ. ಅದು ನಿಂತರೆ, ಯಾಕೆ ನಿಂತಿತು ಎಂದು ಕಂಡಕ್ಟರನ ಜೊತೆ ಜಗಳ.

ನನ್ನ ಕೈಗೆ ಬರುವ ಬೋರ್ಡುಗಳಲ್ಲಿ ಹೆಚ್ಚಿನವು ಒಂದೇ ಜಾಗದಲ್ಲಿ ಸತ್ತಿರುತ್ತವೆ. ಸಪ್ಲೈ ಡಬ್ಬಿಯಿಂದ ಬೋರ್ಡಿಗೆ ಬರುವುದು ಹನ್ನೆರಡು ವೋಲ್ಟು. ಪ್ರೊಸೆಸರಿಗೆ ಬೇಕಾದದ್ದು ಒಂದು ವೋಲ್ಟು, ಮೇಲೆ ಚೂರುಪಾರು. ವೋಲ್ಟು ಕಡಿಮೆಯೆಂದು ಅದರ ಹಸಿವು ಕಡಿಮೆಯಲ್ಲ. ಈಗ ಗುಟುಕು ಕರೆಂಟು ಸಾಕೆನ್ನುತ್ತದೆ, ಕಣ್ಣು ಮಿಟುಕಿಸುವುದರಲ್ಲಿ ಕೊಡಗಟ್ಟಲೆ ಕೇಳುತ್ತದೆ. ಅಷ್ಟನ್ನೂ ಒಂದೇ ದಾರಿಯಲ್ಲಿ ಇಳಿಸಿಕೊಟ್ಟರೆ ಆ ದಾರಿಯೇ ಸುಟ್ಟುಹೋದೀತು. ಆದ್ದರಿಂದ ಪ್ರೊಸೆಸರಿನ ಪಕ್ಕದಲ್ಲಿ ನಾಲ್ಕು ದಾರಿ ಮಾಡಿರುತ್ತಾರೆ. ಒಂದೊಂದಕ್ಕೂ ಒಂದು ಸುರುಳಿ, ಒಂದು ಜೋಡಿ ಸ್ವಿಚ್ಚು. ಅದಕ್ಕೆ ಫೇಸ್ ಎನ್ನುತ್ತಾರೆ. ಬದಿಗೆ ಕಿರುಬೆರಳ ಉಗುರಿನಷ್ಟು ದೊಡ್ಡ ಚಿಪ್ಪೊಂದು ಕೂತು, ಈಗ ನೀನು, ಈಗ ನೀನು ಎಂದು ಅವುಗಳಿಗೆ ಸರದಿ ಕೊಡುತ್ತಿರುತ್ತದೆ. ಯಾರ ಮೇಲೆ ಎಷ್ಟು ಭಾರ ಬಿತ್ತು ಎಂದು ನೋಡಿಕೊಳ್ಳುವುದೂ ಅದೇ.

ಇದನ್ನು ಗಿರಾಕಿಗಳಿಗೆ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ. ಫೇಸ್ ಎಂದ ಕೂಡಲೆ ಅವರ ತಲೆ ಹೊಲದ ಪಂಪ್‌ಸೆಟ್ಟಿಗೆ ಹೋಗುತ್ತದೆ. “ನಮ್ಮ ಓಣಿಗೆ ತ್ರೀ ಫೇಸ್ ಕೊಡ್ರಿ ಅಂದ್ರ ಅಳತಾರ, ಈ ಡಬ್ಬಿಯೊಳಗ ನಾಲ್ಕು ಹೆಂಗ ಬಂದ್ವು?” ಎಂದು ಕೇಳಿದವರಿದ್ದಾರೆ. ಈಗೀಗ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. “ಪಲ್ಲಕ್ಕಿಗೆ ನಾಲ್ಕು ಹೆಗಲು ಇರ್ತಾವಿಲ್ರಿ, ಹಂಗ. ಆ ಚಿಪ್ಪು ಮುಂದ ನಡಿಯೋ ಹಿರಿಮನಿಷ್ಯಾ. ಒಂದು ಹೆಗಲು ಕುಸೀತಂದ್ರ ಪಲ್ಲಕ್ಕೀನ ಕೆಳಗ ಇಳಸ್ತಾನ.” ಫ್ಯಾನು ಎರಡು ಸುತ್ತು ತಿರುಗಿ ಯಂತ್ರ ಸುಮ್ಮನಾಗುವುದು ಇದೇ ಕಾರಣಕ್ಕೆ. ಜನ ಅದನ್ನು ಕೆಟ್ಟಿತು ಎನ್ನುತ್ತಾರೆ. ಚಿಪ್ಪು ತನ್ನ ಕೆಲಸ ಮಾಡಿರುತ್ತದೆ ಅಷ್ಟೇ.

ಸವಣೂರಿನ ಪೇಟೆಯಲ್ಲಿ, ಖಾರಾ ಮಾರುವ ಅಂಗಡಿಗಳನ್ನು ದಾಟಿದ ಮೇಲೆ, ಒಂದು ಎಂಬ್ರಾಯ್ಡರಿ ಅಂಗಡಿಯಿದೆ. ನಡೆಸುವವರು ಗಂಡನನ್ನು ಕಳೆದುಕೊಂಡ ಹಿರಿಯ ಹೆಂಗಸು. ಪೇಟೆಯೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ಮದುವೆಯ ರವಿಕೆ, ದುಪಟ್ಟಾ, ಬುರ್ಖಾದ ಅಂಚು ಎಲ್ಲಕ್ಕೂ ಆಪಾ ಕಂಪ್ಯೂಟರಿನಲ್ಲಿ ಬಳ್ಳಿ ಬರೆದರೆ, ಪಕ್ಕದ ದೊಡ್ಡ ಯಂತ್ರ ಅದನ್ನು ಬಟ್ಟೆಯ ಮೇಲೆ ಹೊಲಿಯುತ್ತದೆ. ಬಳ್ಳಿಯ ಕೊನೆಯ ಎಲೆಯೊಂದನ್ನು ಮಾತ್ರ ಅವರು ಯಾವಾಗಲೂ ಕಿತ್ತಳೆ ಬಣ್ಣದ ದಾರದಲ್ಲಿ, ಸ್ವಂತ ಕೈಯಿಂದ ಹಾಕುತ್ತಾರೆ. ದೃಷ್ಟಿಯಾಗದಿರಲಿ ಎಂದು. ಆ ಕಂಪ್ಯೂಟರನ್ನು ಅವರು ನೋಡಿಕೊಳ್ಳುವ ರೀತಿ ನೋಡಿದರೆ ನನಗೆ ನಗು ಬರುತ್ತಿತ್ತು. ನಾನು ಹೋಗುವ ಹೊತ್ತಿಗೆ ಅದರ ವೈರುಗಳನ್ನು ಬಿಡಿಸಿ, ಮೈ ಒರೆಸಿ, ಬಿಳಿ ಬಟ್ಟೆ ಹಾಸಿದ ಮಣೆಯ ಮೇಲೆ ತಂದಿಟ್ಟಿರುತ್ತಿದ್ದರು, ಎರೆದು ಕೂರಿಸಿದ ಕೂಸಿನ ಹಾಗೆ.

ಆ ಗುರುವಾರವೂ ಮಣೆಯ ಮೇಲಿತ್ತು. ಫ್ಯಾನು ಎರಡು ಸುತ್ತು, ಆಮೇಲೆ ಸದ್ದಿಲ್ಲ. ಒಂದು ಫೇಸ್ ಶಾರ್ಟಾಗಿತ್ತು. ಹೊಲಿಗೆ ಯಂತ್ರದ ಹಳೆಯ ಕಾರ್ಡು ಈ ಬೋರ್ಡಿನಲ್ಲಿ ಮಾತ್ರ ಕೂರುವುದರಿಂದ ಬೇರೆ ಕಂಪ್ಯೂಟರು ತರುತ್ತೇನೆಂದರೂ ನಡೆಯದು. ನಾನು ಬೋರ್ಡನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಪಕ್ಕದ ಝೆರಾಕ್ಸ್ ಅಂಗಡಿಯ ಮಾಲೀಕ ಇಣುಕಿದ. ಕರೆಯದೆ ಬರುವವರನ್ನು ಕಂಡರೆ ನನಗೆ ಮೊದಲೇ ಆಗದು.

“ನಮ್ಮದೂ ಹ್ವಾದ ತಿಂಗಳ ಹಿಂಗ ಆಗಿತ್ರಿ. ಹುಬ್ಬಳ್ಳಿಯವ ಬಂದು ಕೆಟ್ಟ ಫೇಸ್ ಕಿತ್ತು ಒಗದು, ಮೂರರ ಮ್ಯಾಲ ನಡಿಯೂ ಹಂಗ ಮಾಡಿ ಹ್ವಾದ. ಎಲ್ಲಾ ಆ ಲೋಬಾನದ ಹೊಗೀದು. ನೋಡ್ರಿ ಬೇಕಾದ್ರ, ಹೆಂಗ ಅಂಟಿಕೊಂಡೈತಿ!”

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಬೋರ್ಡಿನ ಮೇಲೆ ಕಂದು ಬಣ್ಣದ ಜಿಡ್ಡು ಕೂತಿತ್ತು.

ಲೋಬಾನ ಹಾಕುವ ಮುದುಕ ಸವಣೂರಿನ ಪೇಟೆಗೆ ಹಳಬ. ಪ್ರತಿ ಗುರುವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ, ಕಬ್ಬಿಣದ ಧೂಪದಾನಿಯಲ್ಲಿ ಕೆಂಡ ಹಾಕಿಕೊಂಡು, ಮೇಲೆ ಸಾಂಬ್ರಾಣಿಯಂಥ ಲೋಬಾನ ಉದುರಿಸಿ, ಅಂಗಡಿಯಿಂದ ಅಂಗಡಿಗೆ ಹೊಗೆ ಆಡಿಸುತ್ತ ಬರುತ್ತಾನೆ. ಒಳಗೆ ಬಂದು, ಮೂಲೆಮೂಲೆಗೂ ನವಿಲುಗರಿ ಬೀಸಿ, ಗಲ್ಲಾಪೆಟ್ಟಿಗೆಯ ಮುಂದೆ ತುಸು ಹೊತ್ತು ನಿಂತು, ಕೈಯೆತ್ತಿ ದುವಾ ಮಾಡಿ ಹೋಗುವುದು ರೂಢಿ. ಗೋಡೆಯ ಮೇಲೆ ಲಕ್ಷ್ಮಿ ಇರುವ ಅಂಗಡಿಗೂ ಬರುತ್ತಾನೆ, ಕಾಬಾದ ಚಿತ್ರ ಇರುವ ಅಂಗಡಿಗೂ ಬರುತ್ತಾನೆ. ಎಲ್ಲರಿಗೂ ಚಾಚಾ. ಆಪಾ ಗಂಡ ತೀರಿಕೊಂಡ ಮೇಲೆ ಅಂಗಡಿ ತೆಗೆದು ಕೂತಾಗ, ಹೆಂಗಸು ಗಲ್ಲಾ ಮೇಲೆ ಕೂತಳೆಂದು ಎಷ್ಟೋ ದಿನ ಯಾರೂ ಹೊಸ್ತಿಲು ತುಳಿದಿರಲಿಲ್ಲವಂತೆ. ಮೊದಲು ಒಳಗೆ ಬಂದದ್ದು ಚಾಚಾ. ಅವನ ಹಿಂದೆ ಊರು ಬಂತು. ಇದನ್ನು ಆಪಾ ನನಗೆ ಚಹಾ ಕೊಡುವಾಗಲೆಲ್ಲ ಹೇಳುತ್ತಾರೆ.

ಅವತ್ತೂ ಚಾಚಾ ಬಂದ. ಝೆರಾಕ್ಸಿನವನು ಮೆಟ್ಟಿಲ ಬಳಿಯೇ ಕೈ ಅಡ್ಡ ಮಾಡಿ, “ಚಾಚಾ, ಹೊರಗಿಂದನ ಹಾಕ್ರಿ, ಒಳಗ ಮಷೀನ್ ಅದಾವ” ಅಂದ. ಅದರಾಚೆಯ ಮೊಬೈಲಿನವನೂ ಅದನ್ನೇ ಅಂದ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಯಂತ್ರವೇ ಇಲ್ಲದ ಚಪ್ಪಲಿ ಅಂಗಡಿಯವನೂ ಕೈ ಅಡ್ಡ ಮಾಡಿದ. ಚಾಚಾ ಆಪಾ ಅಂಗಡಿಯ ಮುಂದೆ ಬಂದು ಮೆಟ್ಟಿಲ ಕೆಳಗೇ ನಿಂತ. ನಮ್ಮ ಮುಂದೆ ಬಿಚ್ಚಿಟ್ಟ ಯಂತ್ರ ನೋಡಿದ.

“ಒಳಗ ಬರ್ಲ್ಯಾ, ಬೇಟಿ?” ಅಂದ.

ಇಷ್ಟು ವರ್ಷ ಅವನು ಹಾಗೆ ಕೇಳಿದ್ದೇ ಇಲ್ಲ. ಆಪಾ ಮುಖ ಬಿಳಿಚಿಕೊಂಡಿತು. ನನ್ನ ಕಡೆ ನೋಡಿದರು, ಬೋರ್ಡಿನ ಕಡೆ ನೋಡಿದರು. “ಇವತ್ತ ಎಲ್ಲಾ ಬಿಚ್ಚಿ ಹರವ್ಯಾರ ಚಾಚಾ. ಮುಂದಿನ ವಾರ ಜುಮೇರಾತಿಗೆ ಬರ್ರಿ” ಅಂದರು. ಅವನು ತಲೆಯಾಡಿಸಿ, ಅಲ್ಲಿಂದಲೇ ಗರಿ ಬೀಸಿ ಹೋದ. ಹೊಗೆ ಒಳಗೆ ಬರಲಿಲ್ಲ, ಗಾಳಿ ಅದನ್ನು ರಸ್ತೆಗೆ ಒಯ್ದಿತು.

ಅವನು ಹೋದ ಮೇಲೆ ಆಪಾ ನನ್ನ ಕೈ ಹಿಡಿದುಕೊಂಡರು. “ತಂಗಿ, ನೀ ಸರಿಯಾಗಿ ನೋಡು. ಹೊಗೀನ ಕೊಂದೈತಿ ಅಂದ್ರ ಅಷ್ಟೂ ಮಂದಿ ಮುಂದ ನಾನ ಅವರಿಗೆ ಬ್ಯಾಡ ಅಂತೇನಿ. ಅಲ್ಲ ಅಂದ್ರ ಅಷ್ಟೂ ಮಂದಿ ಮುಂದ ಒಳಗ ಕರೀತೇನಿ. ಆದ್ರ ಸುಳ್ಳ ಹೇಳಬ್ಯಾಡ, ಮುದುಕಂತ ಕನಿಕರ ಮಾಡಿ.”

ಬೋರ್ಡನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಶಿಗ್ಗಾಂವಿ ಬರುವವರೆಗೆ ಒಂದೇ ಕಸಿವಿಸಿ. ನನಗೆ ಝೆರಾಕ್ಸಿನವನ ಮೇಲೆ ಸಿಟ್ಟಿತ್ತು, ಆದರೆ ಸಿಟ್ಟು ಸಾಕ್ಷಿಯಾಗುವುದಿಲ್ಲವಲ್ಲ. ಜಿಡ್ಡಂತೂ ಕಣ್ಣಿಗೆ ಕಂಡಿದೆ. ಮನೆಯಲ್ಲಿ ಗಂಡ ಊಟಕ್ಕೆ ಬಾ ಎಂದು ಕರೆದರೆ ಅವನ ಮೇಲೂ ಹಾಯ್ದೆ. ದೊಡ್ಡ ಮಸೂರ ಹಿಡಿದು ಮತ್ತೆ ನೋಡಿದಾಗ ಒಂದು ವಿಚಿತ್ರ ಕಂಡಿತು. ಜಿಡ್ಡು ದಟ್ಟವಾಗಿ ಕೂತದ್ದು ಪ್ರೊಸೆಸರಿನ ಫ್ಯಾನಿನ ಹತ್ತಿರದ ಮೂರು ಫೇಸುಗಳ ಮೇಲೆ. ಅವು ಮೂರೂ ನೆಟ್ಟಗಿದ್ದವು. ಸತ್ತದ್ದು ಮೇಲುಗಡೆಯ ಮೂಲೆಯದು. ಎಲ್ಲಕ್ಕಿಂತ ಸ್ವಚ್ಛವಾಗಿದ್ದುದೂ ಅದೇ. ಹೊಗೆ ಮುಟ್ಟದೆ ಇದ್ದವನೇ ಹೊಗೆಯಿಂದ ಸತ್ತನೇ? ಹಾಗೆಂದು ಸವಣೂರಿಗೆ ಓಡಿಹೋಗಿ ಹೇಳುವಷ್ಟು ಧೈರ್ಯ ಬರಲಿಲ್ಲ. ಮೂಲೆಯವನು ಯಾಕೆ ಸತ್ತ ಎಂದು ಕೇಳಿದರೆ ನನ್ನ ಬಳಿ ಉತ್ತರವಿರಲಿಲ್ಲ.

ಶನಿವಾರ ಹಿರೇಕೆರೂರಿಗೆ ಹೋದೆ. ಅಲ್ಲಿ ಒಂದು ಬೀಜದ ಅಂಗಡಿಯಲ್ಲಿ ಇದೇ ಜಾತಿಯ ಬೋರ್ಡಿದೆ ಎಂದು ನೆನಪಿತ್ತು. ಅದರ ಮಾಲೀಕ ದೊಡ್ಡ ದೈವಭಕ್ತ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೆ ಕರ್ಪೂರ, ಆಮೇಲೆ ಕಟ್ಟುಗಟ್ಟಲೆ ಊದಿನಕಡ್ಡಿ, ಸಂಜೆ ಮತ್ತೆ ಧೂಪ. ದೇವರ ಕಪಾಟಿನ ಕೆಳಗೇ ಕಂಪ್ಯೂಟರು. ಧೂಳು ಹೊಡೆದು ಕೊಡುತ್ತೇನೆ ಎಂದು ನೆಪ ಹೇಳಿ ಬಿಚ್ಚಿದೆ. ಒಳಗೆ ರೊಟ್ಟಿ ಹಂಚಿನಷ್ಟು ಕಪ್ಪು. ಸವಣೂರಿನದು ಇದರ ಮುಂದೆ ಏನೂ ಅಲ್ಲ. ನಾಲ್ಕೂ ಫೇಸುಗಳಿಗೆ ಮೀಟರು ಹಚ್ಚಿ ನೋಡಿದರೆ ನಾಲ್ಕೂ ಗಟ್ಟಿ.

“ಒಮ್ಮೆಯಾದ್ರೂ ಕೆಟ್ಟೈತೇನ್ರೀ?” ಎಂದೆ.

“ದೇವ್ರು ನೋಡ್ಕೋತಾನ, ಹೆಂಗ ಕೆಡತೈತಿ?” ಎಂದು ನನ್ನನ್ನೇ ಗದರಿದರು.

ದೇವರು ನೋಡಿಕೊಳ್ಳುತ್ತಾನೋ ಬಿಡುತ್ತಾನೋ, ಆ ಕಪಾಟಿನ ಹಿಂದೆ ಕಿಟಕಿಯಿತ್ತು, ಗಾಳಿ ಸುಯ್ಯೆಂದು ಬರುತ್ತಿತ್ತು. ಹೊಗೆ ಬೋರ್ಡನ್ನು ಹೊಲಸು ಮಾಡುತ್ತದೆ, ಆಗಾಗ ಒಮ್ಮೆ ತೊಳೆದರೆ ಆಯಿತು. ಕೊಲ್ಲುವುದು ಬೇರೆ ಏನೋ. ಅದೇನು ಎಂದು ತಿಳಿಯದೆ ಭಾನುವಾರ ಇಡೀ ದಿನ ಮನೆಯಲ್ಲಿ ಪಾತ್ರೆ ಸದ್ದು ಮಾಡಿದೆ. ಚಾಚಾ ಮೆಟ್ಟಿಲ ಕೆಳಗೆ ನಿಂತು ಕೇಳಿದ “ಬರ್ಲ್ಯಾ” ಎಂಬ ಮಾತು ಕಿವಿಯಲ್ಲೇ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಬರೆಯ ಗುರುತು ಕಾಣುತ್ತಿದೆ, ಎತ್ತು ಯಾವುದೆಂದು ಮಾತ್ರ ಗೊತ್ತಾಗುತ್ತಿಲ್ಲ.

ಸೋಮವಾರ ಹಾನಗಲ್. ಬದಲಿ ಸ್ವಿಚ್ಚು ಕಿತ್ತುಕೊಳ್ಳಲು ಒಂದು ಸತ್ತ ಬೋರ್ಡು ಬೇಕಿತ್ತು. ಭತ್ತದ ಅಡತಿ ಅಂಗಡಿಯೊಂದರಲ್ಲಿ ಅಂಥದೊಂದು ಮೂಲೆಗೆ ಬಿದ್ದಿದೆ ಎಂದು ತಿಳಿದು ಹೇಳದೆ ಕೇಳದೆ ಹೋದೆ. ಅಡತಿ ಅಣ್ಣಾವ್ರಿಗೆ ಉಬ್ಬಸ. ಅಂಗಡಿಯಲ್ಲಿ ಊದಿನಕಡ್ಡಿಯ ವಾಸನೆ ಕೂಡ ಸೇರುವುದಿಲ್ಲ. ಆದರೂ ಅವರು ಕೊಟ್ಟ ಬೋರ್ಡಿನಲ್ಲಿ ಸತ್ತದ್ದು ಅದೇ ಮೂಲೆಯ ಫೇಸ್. ಒಂಚೂರೂ ಜಿಡ್ಡಿಲ್ಲ.

“ಇದು ಓಡೂ ಮುಂದ ಎಲ್ಲಿ ಇಟ್ಟಿದ್ರಿ ಅಣ್ಣಾರ?”

“ಇಲ್ಲೇ ನೋಡ್ರಿ, ಈಗ ಹೊಸಾದು ಐತೆಲ್ಲಾ, ಅಲ್ಲೇ” ಎಂದು ಅವರು ತೋರಿಸಿದರು.

ಮೇಜಿನ ಪಕ್ಕ ಹೊಸ ಕಂಪ್ಯೂಟರು ಓಡುತ್ತಿತ್ತು. ಅದರ ಮೈತುಂಬ ಒಂದು ಗವಸು. ದಪ್ಪ ಮಖಮಲ್ಲು, ಒಳಗೆ ಅರಿವೆಯ ಅಸ್ತರು, ಅಂಚಿಗೆ ಝಾಲರು. ಬಟನ್ ಒತ್ತಲು ಚಂದದ ಒಂದು ಕಿಂಡಿ ಬಿಟ್ಟಿತ್ತು, ಅಂದರೆ ಓಡುವಾಗಲೂ ತೆಗೆಯುವ ಪ್ರಮೇಯವೇ ಇಲ್ಲ. ಮೇಲೆ ದಾಳಿಂಬೆಯ ಬಳ್ಳಿ. ಬಳ್ಳಿಯ ಕೊನೆಯ ಎಲೆ ಕಿತ್ತಳೆ ಬಣ್ಣದ್ದು.

“ನನ್ನ ಸೊಸಿ ಸವಣೂರಾಕಿ. ಅಲ್ಲೆ ಒಬ್ಬಾಕಿ ಭಾಳ ಛಲೋ ಹೊಲಿತಾಳಂತ. ಹಳೇದಕ್ಕೂ ಇದನ್ನ ಹಾಕಿದ್ವಿ. ಹಾಕಿದ ಮ್ಯಾಲ ಒಂಚೂರೂ ಧೂಳ ಇಲ್ಲ ನೋಡ್ರಿ” ಎಂದು ಅವರು ಹೆಮ್ಮೆಪಟ್ಟರು.

ಗವಸಿನೊಳಗೆ ಕೈ ಹಾಕಿದೆ, ಬಾಣಂತಿ ಕೋಣೆಯಷ್ಟು ಬಿಸಿ. ಪ್ರೊಸೆಸರಿಗೆ ತನ್ನ ಕಾವು ತನಗೆ ತಿಳಿಯುತ್ತದೆ. ಹೆಚ್ಚಾದರೆ ನಿಧಾನ ಮಾಡಿಕೊಂಡು ಬದುಕುತ್ತದೆ. ಈ ಅಗ್ಗದ ಬೋರ್ಡುಗಳಲ್ಲಿ ಫೇಸುಗಳಿಗೆ ಆ ಅನುಕೂಲವಿಲ್ಲ. ಸರದಿ ಕೊಡುವ ಚಿಪ್ಪು ಯಾರ ಮೇಲೆ ಎಷ್ಟು ಭಾರವಿದೆಯೆಂದು ನೋಡುತ್ತದೆ, ಯಾರ ಮೈ ಸುಡುತ್ತಿದೆಯೆಂದು ನೋಡುವುದಿಲ್ಲ. ಮೂರಕ್ಕೆ ಫ್ಯಾನಿನ ಗಾಳಿ ಅಷ್ಟೋ ಇಷ್ಟೋ ತಾಗುತ್ತದೆ. ಮೇಲುಗಡೆಯ ಮೂಲೆಯವನು ಗವಸಿನ ಕೆಳಗೆ ಬೇಯುತ್ತ, ಸರದಿ ಬಂದಾಗಲೆಲ್ಲ ಹೆಗಲು ಕೊಟ್ಟು, ಒಂದು ದಿನ ಕುಸಿಯುತ್ತಾನೆ. ಎತ್ತು ಸಿಕ್ಕಿತು. ಸಿಕ್ಕಿದ್ದಕ್ಕೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಸವಣೂರಿನಲ್ಲಿ ನಾನು ಆ ಯಂತ್ರವನ್ನು ಯಾವತ್ತೂ ಮಣೆಯ ಮೇಲೆ ಬರಿಮೈಯಲ್ಲೇ ನೋಡಿದ್ದೆ. ನಾನು ಬರುವ ಮೊದಲು ಆಪಾ ಅದರ ಅಂಗಿ ಬಿಚ್ಚಿ, ಮಡಚಿ ಒಳಗಿಡುತ್ತಿದ್ದಿರಬೇಕು. ಈಗ ಚಾಚಾನನ್ನು ಉಳಿಸಬೇಕೆಂದರೆ ಆಪಾಗೆ ಹೇಳಬೇಕು, ಕೊಂದದ್ದು ನಿಮ್ಮ ಕೈ ಎಂದು.

ಗುರುವಾರ ಬೇಗ ಹೋದೆ. ಹಾನಗಲ್ಲಿನ ಬೋರ್ಡಿನಿಂದ ತೆಗೆದ ಸ್ವಿಚ್ಚು ಕೂರಿಸಿ, ಜಿಡ್ಡು ತೊಳೆದು, ಬೋರ್ಡನ್ನು ಸಿದ್ಧ ಮಾಡಿಕೊಂಡಿದ್ದೆ. ಆಪಾ ದುಪಟ್ಟಾ ಒಂದಕ್ಕೆ ಇಸ್ತ್ರಿ ಮಾಡುತ್ತಿದ್ದರು. ಜರಿಯ ಕೆಲಸಕ್ಕೆ ಅವರಿಗೆ ಕೆಂಡದ ಇಸ್ತ್ರಿ ಪೆಟ್ಟಿಗೆಯೇ ಆಗಬೇಕು. ಯಂತ್ರ ಜೋಡಿಸಿದೆ, ಫ್ಯಾನು ತಿರುಗುತ್ತಲೇ ಉಳಿಯಿತು, ಪರದೆಯ ಮೇಲೆ ಅರ್ಧ ಬರೆದ ಬಳ್ಳಿ ಮೂಡಿತು. ಆಪಾ ಅದನ್ನು ನೋಡಲೇ ಇಲ್ಲ.

“ಏನ್ ಕಂಡಿ, ಹೇಳು” ಅಂದರು.

ನನಗೆ ಸುತ್ತಿಬಳಸಿ ಹೇಳಲು ಬರುವುದಿಲ್ಲ. “ಹೊಗೀ ಅಲ್ಲ ಆಪಾ. ಇದಕ್ಕ ನೀವು ಗವಸು ಹೊಲದೀರಿಲ್ಲೋ? ಅದು” ಎಂದೆ. ಹಿರೇಕೆರೂರಿನದು ಹೇಳಿದೆ, ಹಾನಗಲ್ಲಿನದು ಹೇಳಿದೆ. ಸತ್ತ ಸ್ವಿಚ್ಚನ್ನು ಅಂಗೈ ಮೇಲಿಟ್ಟು ತೋರಿಸಿದೆ.

ಆಪಾ ಒಳಗೆ ಹೋಗಿ ಗವಸು ತಂದರು. ಅದೇ ದಾಳಿಂಬೆ, ಅದೇ ಕಿತ್ತಳೆ ಎಲೆ. “ಮಗು ಹಂಗ ನೋಡಿಕೊಂಡೆನಲ್ಲೇ” ಅಂದರು. ಸೆಕೆಗೆ ಮಗುವಿಗೆ ಸ್ವೆಟರ್ ಹಾಕಿದಿರಿ ಎಂದು ಹೇಳಿಬಿಟ್ಟೆ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆಪಾ ಕಣ್ಣೊರೆಸಿಕೊಂಡು ಇದ್ದಕ್ಕಿದ್ದಂತೆ ಎದ್ದರು.

ಅವರು ಝೆರಾಕ್ಸ್ ಅಂಗಡಿಯ ಹೊಸ್ತಿಲು ದಾಟಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಹೋದವರೇ ಅವನ ಕಂಪ್ಯೂಟರಿನ ಮೇಲಿದ್ದ ಗವಸನ್ನು ಕಿತ್ತೆಳೆದರು. ಹೋದ ರಂಜಾನಿಗೆ ಪ್ರೀತಿಯಿಂದ ಕೊಟ್ಟದ್ದಂತೆ. ಅವನು ಹಾಂ ಹಾಂ ಎಂದು ಎದ್ದು ನಿಂತ. ನಾನು ಹಿಂದೆಯೇ ಹೋಗಿ ಡಬ್ಬಿಯ ಮೇಲೆ ಅವನ ಅಂಗೈ ಒತ್ತಿ ಹಿಡಿದೆ. ಮೂರೇ ಹೆಗಲಿನ ಮೇಲೆ ಓಡುತ್ತಿದ್ದ ಯಂತ್ರ, ಕೈ ಇಡಲಾಗದಷ್ಟು ಸುಡುತ್ತಿತ್ತು. ಗಿರಾಕಿಗಳು, ಮೊಬೈಲಿನವನು, ಚಪ್ಪಲಿಯವನು ಎಲ್ಲರೂ ನೋಡುತ್ತಿದ್ದರು.

“ಕೊಟ್ಟಾಕಿನೂ ನಾನ, ಕೊಂದಾಕಿನೂ ನಾನ” ಅಂದರು ಆಪಾ, ಬಜಾರಕ್ಕೆಲ್ಲ ಕೇಳುವಂತೆ. “ಬೈಯೂದಿದ್ರ ನನಗ ಬೈರಿ. ಆ ಮುದುಕನ್ನ ಇನ್ನ ಯಾರೂ ಹೊರಗ ನಿಲ್ಲಸಬ್ಯಾಡ್ರಿ.”

“ಬೆಂಕಿ ಇಲ್ಲದ ಹೊಗೀ ಆಡತೈತೇನ್ರಿ, ನಾವೂ ಹಂಗ ತಿಳದ್ವಿ…” ಎಂದು ಅವನು ತೊದಲಿದ. ಹೊಗೆಯ ವಿಷಯದಲ್ಲಿ ಆ ಗಾದೆ ಎಷ್ಟು ಹೊಂದಿತೋ ನನಗೆ ಗೊತ್ತಿಲ್ಲ. ನಗು ಬಂದರೂ ನಗಲಿಲ್ಲ.

ನಾವು ಮರಳಿ ಬರುವಷ್ಟರಲ್ಲಿ ಚಾಚಾ ಬಂದಿದ್ದ. ಹೋದ ವಾರದಂತೆ ಮೆಟ್ಟಿಲ ಕೆಳಗೇ ನಿಂತಿದ್ದ. ನಡೆದದ್ದು ಯಾವುದೂ ಅವನಿಗೆ ತಿಳಿದಿರಲಿಲ್ಲ. ಕೈಯಲ್ಲಿ ಧೂಪದಾನಿಯಿತ್ತು, ನವಿಲುಗರಿಯಿತ್ತು. ವಾಸನೆ ಮಾತ್ರ ಬರಲಿಲ್ಲ. ನಾನು ಬಗ್ಗಿ ನೋಡಿದೆ. ಧೂಪದಾನಿಯಲ್ಲಿ ತಣ್ಣಗಿನ ಬೂದಿ.

“ಕೆಂಡ ಹಾಕಿಲ್ಲ ಬೇಟಿ” ಅಂದ ಚಾಚಾ. “ನಿಮ್ಮ ಮಷೀನಿಗೆ ತ್ರಾಸ ಆಗತೈತಂತಲ್ಲ. ಬರೇ ಒಳಗ ಬಂದು, ನಿಂತು, ದುವಾ ಮಾಡಿ ಹೊಕ್ಕೇನಿ. ಅಷ್ಟಕ್ಕಾದ್ರೂ ಬರ್ಲ್ಯಾ?”

ಪೇಟೆಯುದ್ದಕ್ಕೂ ಅವನು ಹಾಗೆಯೇ, ಬೆಂಕಿಯಿಲ್ಲದ ಧೂಪದಾನಿಯನ್ನು ಆಡಿಸುತ್ತ ಬಂದಿದ್ದ. ಆಪಾ ಒಳಗೆ ಹೋಗಿ ಇಸ್ತ್ರಿ ಪೆಟ್ಟಿಗೆಯ ಮುಚ್ಚಳ ತೆಗೆದು, ಚಿಮಟದಿಂದ ಕೆಂಡ ಎತ್ತಿ ತಂದು, ಒಂದೊಂದಾಗಿ ಅವನ ಧೂಪದಾನಿಗೆ ಹಾಕಿದರು. ಆಮೇಲೆ ಅವನ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದರು.

ಚಾಚಾ ಲೋಬಾನ ಉದುರಿಸುವ ಮೊದಲು ನಾನು ಕಂಪ್ಯೂಟರಿನ ಸ್ವಿಚ್ಚು ಆರಿಸಿ, ಮಣೆಯ ಪಕ್ಕ ಕೂತೆ. ಫ್ಯಾನು ತಿರುಗದಿದ್ದರೆ ಹೊಗೆಯನ್ನು ಒಳಗೆಳೆಯುವುದಿಲ್ಲ, ಅಷ್ಟೇ. ಇನ್ನು ಮೇಲೆ ಗುರುವಾರಕ್ಕೊಮ್ಮೆ ಹೀಗೆ ಆರಿಸಿ ಎಂದು ಆಪಾಗೆ ಹೇಳಿದೆ. ಬಿಳಿ ಹೊಗೆ ಎದ್ದು, ಗಲ್ಲಾಪೆಟ್ಟಿಗೆ ದಾಟಿ, ಬರಿಮೈಯ ಯಂತ್ರದ ಸುತ್ತ ಹರಡಿ, ನನ್ನ ಕಣ್ಣಿಗೂ ಬಂತು. ಚಾಚಾ ಮೂಲೆಮೂಲೆಗೂ ಗರಿ ಬೀಸಿದ, ಯಾವ ಅವಸರವೂ ಇಲ್ಲದೆ. ಮೂರೂವರೆಯ ಶಿಗ್ಗಾಂವಿ ಬಸ್ಸು ಹೊರಗೆ ಹಾರ್ನ್ ಹೊಡೆಯುತ್ತಿತ್ತು. ನಾನು ಏಳಲಿಲ್ಲ.